ಸೂಕ್ಷ್ಮ ತಂತಿಯ ಮೇಲೆ ನಿಂತ ನಾಳಿನ ಗಣಕ

ಹಲಸೂರಿನ ಮೆಟ್ರೋ ನಿಲ್ದಾಣದಲ್ಲಿ ರೈಲಿಗಾಗಿ ಕಾಯುವವರು ಹಳಿಗಳತ್ತ ದೃಷ್ಟಿ ಹರಿಸಿದರೆ, ಗಾಲಿಗಳು ಓಡುವ ಎರಡು ಹಳಿಗಳ ಪಕ್ಕದಲ್ಲಿ ಮೂರನೆಯದೊಂದು ಹಳಿ ಸಾಗಿರುವುದನ್ನು ಕಾಣಬಹುದು. ರೈಲನ್ನು ಓಡಿಸುವ 750 ವೋಲ್ಟಿನ ವಿದ್ಯುತ್ತು ಹರಿಯುವುದು ಅದರಲ್ಲಿ. 2011ರ ಅಕ್ಟೋಬರ್ 20ರಂದು ಮಹಾತ್ಮ ಗಾಂಧಿ ರಸ್ತೆ ಮತ್ತು ಬೈಯಪ್ಪನಹಳ್ಳಿಗಳ ನಡುವೆ ಸಂಚಾರ ಆರಂಭವಾದಂದಿನಿಂದ ಹಲಸೂರಿನ ಜನರಿಗೆ ಇದು ನಿತ್ಯದ ನೋಟ. ಹೀಗೆ ಹರಿಯುವ ವಿದ್ಯುತ್ತಿನ ಒಂದು ಪಾಲು ದಾರಿಯಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದಾಗಲೂ ಹೀಗೆಯೇ ಆಯಿತು. ತಂತಿ ಇದ್ದಲ್ಲಿ ತಡೆ ಇದೆ. ತಡೆ ಇದ್ದಲ್ಲಿ ನಷ್ಟ ಇದೆ.

ತಡೆಯೇ ಇಲ್ಲದ ವಾಹಕಗಳೂ ಪ್ರಕೃತಿಯಲ್ಲಿ ಉಂಟು. ಅಂತಹ ವಾಹಕವೊಂದನ್ನು ನಮ್ಮ ರೇಡಿಯೋ, ಟೆಲಿವಿಷನ್ನುಗಳೊಳಗಿನ ಅರೆವಾಹಕಕ್ಕೆ ಬೆಸೆದು, ಕೂದಲಿನ ಸಾವಿರದ ಒಂದು ಪಾಲಿನಷ್ಟು ಸಣ್ಣ ತಂತಿಯನ್ನು ನಿರ್ಮಿಸುವ ವಿದ್ಯೆಯೊಂದು ಕಳೆದ ಹದಿನೈದು ವರ್ಷಗಳಲ್ಲಿ ಬೆಳೆದು ನಿಂತಿದೆ. ನಾಳಿನ ಕ್ವಾಂಟಂ ಗಣಕಕ್ಕೆ ಇದು ಅಡಿಪಾಯವಾಗಬಹುದೆಂಬ ಆಸೆಯಿಂದ ಅನೇಕ ದೇಶಗಳ ವಿಜ್ಞಾನಿಗಳು ಇದರಲ್ಲಿ ತೊಡಗಿದ್ದಾರೆ. ಇದರ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಸ್ಥಾನವಿದೆ. ಆದುದರಿಂದ ಈ ವಿಷಯವನ್ನು ನಮ್ಮ ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಬೆಳೆಯುವ ಮಕ್ಕಳಿರುವ ಕುಟುಂಬಗಳ ಮುಂದೆ, ಸರಳವಾಗಿ ಇಡಬೇಕೆಂದು ನಾವು ಬಯಸುತ್ತೇವೆ.

ತಡೆಯಿಲ್ಲದ ಹರಿವು

1908ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನೆಸ್ ಎಂಬ ವಿಜ್ಞಾನಿಯು ಹೀಲಿಯಂ ಅನಿಲವನ್ನು ದ್ರವವನ್ನಾಗಿಸಿದರು. ಆವರೆಗೆ ಯಾರೂ ಮುಟ್ಟದಿದ್ದ ಶೈತ್ಯವು ಅದರಿಂದ ಅವರ ಕೈಗೆ ಎಟುಕಿತು. ಮೂರು ವರ್ಷಗಳ ತರುವಾಯ, 1911ರಲ್ಲಿ, ಅವರ ಪ್ರಯೋಗಶಾಲೆಯಲ್ಲಿ ಪಾದರಸವನ್ನು ಶೂನ್ಯಕ್ಕಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂದಾಗ ಅದರ ವಿದ್ಯುತ್ ತಡೆಯು ಒಮ್ಮೆಲೇ ಮಾಯವಾಯಿತು. ಇದೇ ಅತಿವಾಹಕತೆ. ಇಂತಹ ಶೈತ್ಯವನ್ನು ಅಳೆಯುವ ಮಾನಕ್ಕೆ ಕೆಲ್ವಿನ್ ಎಂದು ಹೆಸರು. ಅದರ ಸೊನ್ನೆಯೇ ಶೈತ್ಯದ ಕಡೆಯ ಎಲ್ಲೆ. ಪಾದರಸವು 4.2 ಕೆಲ್ವಿನ್‌ನಲ್ಲಿ, ತವರವು 3.7 ಕೆಲ್ವಿನ್‌ನಲ್ಲಿ, ಅಲ್ಯೂಮಿನಿಯಂ 1.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತವೆ.

ಇದರ ಕಾರಣವನ್ನು ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳು 1957ರಲ್ಲಿ ವಿವರಿಸಿದರು. ಹಲಸೂರಿನ ಸೋಮೇಶ್ವರ ದೇವಾಲಯದ ಪಲ್ಲಕ್ಕಿ ಉತ್ಸವವನ್ನು ಕಂಡವರಿಗೆ ಅದನ್ನು ತಿಳಿಯುವುದು ಕಷ್ಟವಲ್ಲ. ಬೀದಿಯಲ್ಲಿ ನೆರೆದ ಜನರು ತಮ್ಮ ತಮ್ಮ ದಾರಿ ಹಿಡಿದು ನೂಕುತ್ತ, ಎಡವುತ್ತ ಸಾಗುತ್ತಾರೆ; ಪಲ್ಲಕ್ಕಿ ಹೊತ್ತವರಾದರೋ ಎಲ್ಲರೂ ಒಂದೇ ಹೆಜ್ಜೆಯಲ್ಲಿ ಸಾಗುತ್ತಾರೆ. ಸಾಮಾನ್ಯ ತಂತಿಯ ಎಲೆಕ್ಟ್ರಾನುಗಳು ಆ ಜನಜಂಗುಳಿಯಂತೆ. ಅತಿವಾಹಕದಲ್ಲಿ ಅವು ಜೋಡಿ ಜೋಡಿಯಾಗಿ, ಪಲ್ಲಕ್ಕಿ ಹೊತ್ತವರಂತೆ ಒಂದೇ ಲಯಕ್ಕೆ ಒಳಪಡುತ್ತವೆ. ಹಾಗೆ ಒಂದಾಗಿ ಸಾಗುವ ಗುಂಪನ್ನು ಸಣ್ಣಪುಟ್ಟ ಅಡ್ಡಿಗಳು ಚದರಿಸಲಾರವು.

ಅರೆವಾಹಕದ ಗುಣ ಬೇರೆ. ಸಿಲಿಕಾನ್, ಇಂಡಿಯಂ ಆರ್ಸೆನೈಡ್ ಮುಂತಾದವುಗಳಲ್ಲಿ ವಿದ್ಯುತ್ತಿನ ಹರಿವನ್ನು ನಲ್ಲಿಯ ನೀರಿನಂತೆ ನಮ್ಮ ಇಚ್ಛೆಯಂತೆ ಬಿಡಬಹುದು, ತಡೆಯಬಹುದು. ಬಳಿಯಲ್ಲಿರುವ ಇನ್ನೊಂದು ಲೋಹದ ಪಟ್ಟಿಗೆ ವೋಲ್ಟೇಜು ಕೊಟ್ಟರೆ ಸಾಕು. ಅತಿವಾಹಕದ ಲಯ, ಅರೆವಾಹಕದ ವಿಧೇಯತೆ ಇವೆರಡೂ ಒಂದೇ ತಂತಿಯಲ್ಲಿ ಕೂಡಿದರೆ ಹೇಗೆ? ಇದಕ್ಕೆ ಪ್ರಕೃತಿಯೇ ದಾರಿ ಮಾಡಿಕೊಟ್ಟಿದೆ. ಅರೆವಾಹಕವನ್ನು ಅತಿವಾಹಕಕ್ಕೆ ಒತ್ತಾಗಿ ತಾಗಿಸಿದರೆ ಎಲೆಕ್ಟ್ರಾನ್ ಜೋಡಿಗಳು ಗಡಿ ದಾಟಿ ಸ್ವಲ್ಪ ದೂರ ಒಳಕ್ಕೆ ಇಳಿಯುತ್ತವೆ. ಅರೆವಾಹಕವೂ ಅತಿವಾಹಕದ ಗುಣವನ್ನು ಪಡೆಯುತ್ತದೆ. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ಗಾದೆಯು ಈ ವಿದ್ಯಮಾನಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಹೂವು ನಾರಿಗೆ ಬಿಗಿಯಾಗಿ ಕೂಡಿರಬೇಕು. ನಡುವೆ ಬಿಡುವಿದ್ದರೆ ನಾರು ನಾರಾಗಿಯೇ ಉಳಿಯುತ್ತದೆ.

ಎರಡು ಮನೆಗಳಲ್ಲಿಟ್ಟ ಪತ್ರ

ಇಂತಹ ತಂತಿಯು ಗಣಕಕ್ಕೆ ಏಕೆ ಬೇಕು? ಇಂದಿನ ಕಂಪ್ಯೂಟರುಗಳು ಎಲ್ಲವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡು ಅಂಕೆಗಳಲ್ಲಿ ಬರೆದಿಡುತ್ತವೆ. ಕ್ವಾಂಟಂ ಗಣಕದ ಮೂಲಘಟಕವಾದ ಕ್ಯೂಬಿಟ್‌ ಸೊನ್ನೆ ಮತ್ತು ಒಂದರ ಮಿಶ್ರಸ್ಥಿತಿಯಲ್ಲಿಯೂ ಇರಬಲ್ಲದು. ಇದರಿಂದಾಗಿ ಅಣುಗಳ ವರ್ತನೆಯನ್ನು ಲೆಕ್ಕ ಹಾಕುವಂತಹ ಕೆಲವು ವಿಶೇಷ ಸಮಸ್ಯೆಗಳನ್ನು ಅದು ಬೇಗ ಬಿಡಿಸಬಲ್ಲದೆಂಬ ನಿರೀಕ್ಷೆ ಇದೆ. ಆದರೆ ಕ್ಯೂಬಿಟ್‌ ಬಹಳ ನಾಜೂಕಿನ ವಸ್ತು. ತುಸು ಶಾಖ, ಎಲ್ಲಿಂದಲೋ ಬಂದ ವಿದ್ಯುತ್ ಅಲೆ, ಲೋಹದಲ್ಲಿನ ಒಂದು ಕಲ್ಮಷ, ಯಾವುದು ತಾಗಿದರೂ ಅದರ ಮಿಶ್ರಸ್ಥಿತಿ ಕೆಡುತ್ತದೆ. ಕೆಟ್ಟುದನ್ನು ತಿದ್ದುವುದಕ್ಕೆ ಇನ್ನೂ ನೂರಾರು ಕ್ಯೂಬಿಟ್‌ಗಳು ಬೇಕಾಗುತ್ತವೆ.

ಇದಕ್ಕೊಂದು ಪರಿಹಾರವನ್ನು ಅಲೆಕ್ಸಿ ಕಿಟಾಯೆವ್ ಎಂಬ ರಷ್ಯನ್ ವಿಜ್ಞಾನಿಯು 2001ರಲ್ಲಿ ಸೂಚಿಸಿದರು. ಮನೆಯ ಮುಖ್ಯ ಪತ್ರವೊಂದನ್ನು ಎರಡಾಗಿ ಸೀಳಿ, ಒಂದು ತುಂಡನ್ನು ಅಣ್ಣನ ಮನೆಯಲ್ಲಿಯೂ ಇನ್ನೊಂದನ್ನು ತಮ್ಮನ ಮನೆಯಲ್ಲಿಯೂ ಇಟ್ಟರೆ, ಒಂದು ಮನೆಗೆ ನುಗ್ಗಿದ ಕಳ್ಳನಿಗೆ ಏನೂ ತಿಳಿಯದು. ಹಾಗೆಯೇ ಕ್ಯೂಬಿಟ್‌ನ ಮಾಹಿತಿಯನ್ನು ಅತಿವಾಹಕ ತಂತಿಯೊಂದರ ಎರಡು ತುದಿಗಳಿಗೆ ಹಂಚಿದರೆ, ಒಂದು ತುದಿಗೆ ತಾಗಿದ ಅಡ್ಡಿಯು ಅದನ್ನು ಕೆಡಿಸಲಾರದು. ತುದಿಗಳಲ್ಲಿ ಕಾಣಿಸಿಕೊಳ್ಳಬೇಕಾದ ಈ ಅರ್ಧ ಸ್ಥಿತಿಗಳಿಗೆ ಇಟಲಿಯ ಎತ್ತೋರೆ ಮಯೊರಾನಾ ಎಂಬ ವಿಜ್ಞಾನಿಯ ಹೆಸರು ಸಂದಿದೆ. ತನಗೆ ತಾನೇ ಪ್ರತಿಕಣವಾಗಿರುವ ಕಣವೊಂದು ಇರಬಹುದೆಂದು ಅವರು 1937ರಲ್ಲಿ ಗಣಿತದಿಂದ ಕಂಡುಕೊಂಡಿದ್ದರು. ಮರುವರ್ಷವೇ, ಇನ್ನೂ ಮೂವತ್ತೊಂದರ ವಯಸ್ಸಿನಲ್ಲಿ, ಪಲೆರ್ಮೊ ನಗರಕ್ಕೆ ಪಯಣಿಸಿದವರು ಕಣ್ಮರೆಯಾದರು.

ಕಿಟಾಯೆವ್‌ರ ತಂತಿ ಕಾಗದದ ಮೇಲಿನ ತಂತಿ. ಅದನ್ನು ನಿಜವಾಗಿ ಮಾಡುವ ಬಗೆಯನ್ನು 2010ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತಿಳಿಸಿದವು. ಒಂದರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿರುವ ನಮ್ಮ ದೇಶದ ಮೂಲದ ಶಂಕರ್ ದಾಸ್ ಶರ್ಮ ಅವರೂ ಇದ್ದರು. ಇಂಡಿಯಂ ಆರ್ಸೆನೈಡ್ ಅಥವಾ ಇಂಡಿಯಂ ಆಂಟಿಮೊನೈಡ್ ಎಂಬ ಅರೆವಾಹಕದ ಸೂಕ್ಷ್ಮ ತಂತಿ, ಅದಕ್ಕೆ ಒತ್ತಾಗಿ ಒಂದು ಅತಿವಾಹಕ, ತಂತಿಯ ಉದ್ದಕ್ಕೆ ಒಂದು ಕಾಂತಕ್ಷೇತ್ರ, ಈ ಮೂರು ಕೂಡಿದರೆ ತುದಿಗಳಲ್ಲಿ ಮಯೊರಾನಾ ಸ್ಥಿತಿಗಳು ಮೂಡಬೇಕು ಎಂದು ಲೆಕ್ಕ ಹೇಳಿತು. ಪಾಕವಿಧಾನ ಸಿದ್ಧವಾಯಿತು, ಅಡಿಗೆ ಮಾಡುವವರು ಬೇಕಾಗಿತ್ತು.

ತಂತಿ ಬೆಳೆಯುವ ಬಗೆ

ಈ ತಂತಿಗಳನ್ನು ಯಾರೂ ಎಳೆದು ಮಾಡುವುದಿಲ್ಲ, ಪೈರಿನಂತೆ ಬೆಳೆಸುತ್ತಾರೆ. ಅರೆವಾಹಕದ ನುಣುಪಾದ ಬಿಲ್ಲೆಯ ಮೇಲೆ ಅತಿ ತೆಳುವಾಗಿ ಚಿನ್ನವನ್ನು ಲೇಪಿಸಿ, ಗಾಳಿಯನ್ನೆಲ್ಲ ಹೊರತೆಗೆದ ಉಕ್ಕಿನ ಕೋಶದೊಳಗೆ ಕಾಯಿಸುತ್ತಾರೆ. ಚಿನ್ನವು ಹಾಳೆಯಾಗಿ ಉಳಿಯದೆ ಕಣ್ಣಿಗೆ ಕಾಣದ ಹನಿಗಳಾಗಿ ಒಡೆಯುತ್ತದೆ. ಆಮೇಲೆ ಇಂಡಿಯಂ ಮತ್ತು ಆರ್ಸೆನಿಕ್ ಪರಮಾಣುಗಳನ್ನು ಬೇರೆ ಬೇರೆ ಕುಲುಮೆಗಳಿಂದ ಅದರತ್ತ ಹರಿಸುತ್ತಾರೆ. ಪರಮಾಣುಗಳು ಚಿನ್ನದ ಹನಿಯ ನೆರವಿನಿಂದ ಅದರ ಬುಡದಲ್ಲಿ ಒಂದೊಂದು ಪದರವಾಗಿ ಹರಳುಗಟ್ಟುತ್ತವೆ. ಪದರದ ಮೇಲೆ ಪದರ ಸೇರಿದಂತೆ ಚಿನ್ನದ ಹನಿಯನ್ನು ತಲೆಯ ಮೇಲೆ ಹೊತ್ತ ತಂತಿಯು ನೆಟ್ಟಗೆ ಮೇಲೇಳುತ್ತದೆ. ಹನಿಯ ಅಗಲವೆಷ್ಟೋ ತಂತಿಯ ದಪ್ಪವೂ ಸುಮಾರು ಅಷ್ಟೇ. ಈ ಕ್ರಮಕ್ಕೆ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ವ್ಯಾಗ್ನರ್ ಮತ್ತು ಎಲಿಸ್ ಎಂಬುವರು ದಾರಿ ತೋರಿದ್ದರು. ತಂತಿಯ ಉದ್ದ ಮಿಲಿಮೀಟರಿನ ಸಾವಿರದ ಕೆಲವು ಪಾಲು. ದಪ್ಪ ಐವತ್ತರಿಂದ ನೂರು ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು ಎಂಬತ್ತು ಸಾವಿರ ನ್ಯಾನೋಮೀಟರ್ ದಪ್ಪವಿರುತ್ತದೆ.

ಇನ್ನು ಅತಿವಾಹಕವನ್ನು ಕೂಡಿಸುವ ಕೆಲಸ. ಎಲ್ಲ ಕಷ್ಟವೂ ಇರುವುದು ಇಲ್ಲಿಯೇ. ಹಲಸೂರಿನಂತಹ ಹಳೆಯ ಪೇಟೆಗಳಲ್ಲಿ ಬೆಳೆದ ಹಿರಿಯರಿಗೆ ಕಲಾಯಿ ಹಾಕುವವರ ನೆನಪು ಇದ್ದೇ ಇರುತ್ತದೆ. ಇದ್ದಲಿನ ಒಲೆಯ ಮೇಲೆ ತಾಮ್ರದ, ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ಬಿಳಿಯ ಹೊಗೆ ಏಳುತ್ತಿರುವಾಗಲೇ ತವರವನ್ನು ತಾಗಿಸಿ ಬಟ್ಟೆಯಿಂದ ಉಜ್ಜಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ನವಸಾಗರದ ಕೆಲಸವೇನು? ತಾಮ್ರದ ಮೈಯ ಕಿಲುಬನ್ನು ತೆಗೆಯುವುದು. ಕಿಲುಬು ಉಳಿದರೆ ತವರ ಹತ್ತದು. ಹತ್ತಿದಂತೆ ಕಂಡರೂ ನಾಲ್ಕು ದಿನಗಳಲ್ಲಿ ಏಳುವುದು.

ಸೂಕ್ಷ್ಮ ತಂತಿಯ ವಿಷಯವೂ ಇದೇ. ಬೆಳೆದ ತಂತಿಯನ್ನು ಕೋಶದಿಂದ ಹೊರತೆಗೆದ ಕ್ಷಣದಲ್ಲಿಯೇ ಗಾಳಿಯ ಆಮ್ಲಜನಕವು ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಕಿಲುಬನ್ನು ಕಟ್ಟುತ್ತದೆ. ಮೊದಮೊದಲು ಇದನ್ನು ಅಮೋನಿಯಂ ಸಲ್ಫೈಡ್ ದ್ರಾವಣದಲ್ಲಿ ಅದ್ದಿ ಅಥವಾ ಆರ್ಗಾನ್ ಅಯಾನುಗಳಿಂದ ಕೆರೆದು ತೆಗೆದು, ಆಮೇಲೆ ಲೋಹವನ್ನು ಲೇಪಿಸುತ್ತಿದ್ದರು. ನವಸಾಗರವೂ ಅಮೋನಿಯಂ ಲವಣವೇ ಎಂಬುದನ್ನು ಓದುಗರು ಗಮನಿಸಬೇಕು. ಆದರೆ ಕೆರೆಯುವಾಗ ತಂತಿಯ ಮೈ ಗಾಯಗೊಳ್ಳುತ್ತಿತ್ತು. ಸಂಧಿಯಲ್ಲಿ ಕಲ್ಮಷ ಉಳಿಯುತ್ತಿತ್ತು. ಅತಿವಾಹಕದ ಗುಣ ಅರೆವಾಹಕಕ್ಕೆ ಅರೆಬರೆಯಾಗಿ ಮಾತ್ರ ಇಳಿಯುತ್ತಿತ್ತು.

2015ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಪೀಟರ್ ಕ್ರೋಗ್‌ಸ್ಟ್ರಪ್ ಮತ್ತು ಅವರ ಸಂಗಡಿಗರು ಬೇರೊಂದು ದಾರಿಯನ್ನು ಕಂಡುಕೊಂಡರು. ಕಿಲುಬನ್ನು ತೆಗೆಯುವುದಕ್ಕಿಂತ ಅದು ಹುಟ್ಟದಂತೆ ನೋಡುವುದು ಲೇಸಲ್ಲವೆ? ತಂತಿ ಬೆಳೆದ ಕೋಶದಲ್ಲಿಯೇ, ಗಾಳಿ ಸೋಕದಂತೆ, ಬಿಲ್ಲೆಯನ್ನು ನೀರು ಹೆಪ್ಪುಗಟ್ಟುವ ಶೈತ್ಯಕ್ಕಿಂತಲೂ ಕೆಳಗೆ ತಂದು ಅಲ್ಯೂಮಿನಿಯಂ ಲೇಪಿಸಿದರು. ಬಿಸಿಯಿದ್ದರೆ ಅಲ್ಯೂಮಿನಿಯಂ ಗುಂಡು ಗುಂಡಾಗಿ ಕೂಡುತ್ತದೆ. ತಣ್ಣಗಿದ್ದರೆ ಬಿದ್ದಲ್ಲಿಯೇ ನಿಂತು ಸಮನಾದ ಪದರವಾಗುತ್ತದೆ. ಒಂದು ಹರಳಿನ ಪರಮಾಣು ಸಾಲು ಮುಗಿದಲ್ಲಿ ಇನ್ನೊಂದರ ಸಾಲು ಆರಂಭವಾಗುವಷ್ಟು ಶುದ್ಧವಾದ ಸಂಧಿ ಅದರಿಂದ ದೊರೆಯಿತು. 2021ರಲ್ಲಿ ಅಮೆರಿಕದ ತಂಡವೊಂದು ಇಂಡಿಯಂ ಆಂಟಿಮೊನೈಡ್ ತಂತಿಗೆ ಅಲ್ಯೂಮಿನಿಯಂ ಬದಲು ತವರದ ಹೊದಿಕೆಯನ್ನೇ ಹಾಕಿ, ಅದು ಹೆಚ್ಚಿನ ಕಾಂತಕ್ಷೇತ್ರವನ್ನು ತಾಳಿಕೊಳ್ಳುತ್ತದೆಂದು ತೋರಿಸಿತು. ತಾಮ್ರದ ಪಾತ್ರೆಗೆ ಹಾಕುತ್ತಿದ್ದ ಕಲಾಯಿ ಹೀಗೆ ಕ್ವಾಂಟಂ ತಂತಿಯನ್ನೂ ತಲಪಿತು.

ಸಂಧಿ ಸಿದ್ಧವಾದ ಮೇಲೂ ಕೆಲಸ ಮುಗಿಯುವುದಿಲ್ಲ. ಒಂದೊಂದೇ ತಂತಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ಮೊನಚಾದ ಸೂಜಿಯಿಂದ ಎತ್ತಿ ಸಿಲಿಕಾನ್ ಬಿಲ್ಲೆಯ ಮೇಲೆ ಮಲಗಿಸಬೇಕು. ಅದರ ಮೇಲೆ ಅಕ್ರಿಲಿಕ್ ಜಾತಿಯ ಪ್ಲಾಸ್ಟಿಕ್ಕಿನ ದ್ರಾವಣ ಸುರಿದು, ಬಿಲ್ಲೆಯನ್ನು ಬುಗುರಿಯಂತೆ ತಿರುಗಿಸಿ ತೆಳುವಾದ ಪದರ ಮಾಡಬೇಕು. ಬೇಕಾದ ಆಕಾರವನ್ನು ಎಲೆಕ್ಟ್ರಾನ್ ಕಿರಣದಿಂದ ಆ ಪದರದ ಮೇಲೆ ಬರೆದರೆ, ಬರೆದ ಭಾಗವು ಮುಂದಿನ ದ್ರಾವಣದಲ್ಲಿ ಕರಗಿ ಕಿಂಡಿಗಳು ತೆರೆದುಕೊಳ್ಳುತ್ತವೆ. ಮೇಲಿನಿಂದ ಲೋಹದ ಆವಿ ಹಾಯಿಸಿ, ಉಳಿದ ಪ್ಲಾಸ್ಟಿಕ್ಕನ್ನು ಅಸಿಟೋನಿನಲ್ಲಿ ತೊಳೆದರೆ ಕಿಂಡಿಗಳಿದ್ದಲ್ಲಿ ಮಾತ್ರ ಲೋಹ ಉಳಿಯುತ್ತದೆ. ಹಬ್ಬದ ದಿನ ಹೆಣ್ಣುಮಕ್ಕಳು ತೂತಿನ ಅಚ್ಚಿನ ಮೇಲೆ ಪುಡಿ ಎಳೆದು ರಂಗೋಲಿ ಮೂಡಿಸುವ ಕ್ರಮವೂ ಇದೇ. ತಂತಿಗೆ ಹೆಚ್ಚು ಬಿಸಿ ತಾಗಿದರೆ ಸಂಧಿ ಕೆಡುತ್ತದೆ. ಕೆಲಸಗಾರನ ಮೈಯ ಸ್ಥಿರವಿದ್ಯುತ್ತು ಒಮ್ಮೆ ಹಾಯ್ದರೆ ವಾರಗಳ ಶ್ರಮ ಸುಟ್ಟುಹೋಗುತ್ತದೆ. ಆದುದರಿಂದ ಇದೆಲ್ಲ ನಡೆಯುವುದು ತಲೆಯಿಂದ ಪಾದದವರೆಗೆ ಮುಸುಕು ತೊಟ್ಟು ಪ್ರವೇಶಿಸಬೇಕಾದ ನಿರ್ಮಲ ಕೊಠಡಿಗಳಲ್ಲಿ. ಅವುಗಳ ಒಂದು ದರ್ಜೆಯಲ್ಲಿ, ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನಿನ ಅಥವಾ ಅದಕ್ಕಿಂತ ದೊಡ್ಡ ಧೂಳಿನ ಕಣಗಳು ನೂರನ್ನು ಮೀರಬಾರದು.

ಕೊನೆಗೆ ಈ ಸಾಧನವನ್ನು ಹೀಲಿಯಂನ ಎರಡು ಬಗೆಗಳ ಮಿಶ್ರಣದಿಂದ ನಡೆಯುವ ವಿಶೇಷ ಶೈತ್ಯಯಂತ್ರದೊಳಗೆ ಇಳಿಸುತ್ತಾರೆ. ಅಲ್ಲಿಯ ಶೈತ್ಯ ಒಂದು ಕೆಲ್ವಿನ್‌ನ ನೂರರಲ್ಲಿ ಒಂದೆರಡು ಭಾಗ ಮಾತ್ರ. ನಕ್ಷತ್ರಗಳ ನಡುವಣ ಬಯಲು ಆಕಾಶವೇ 2.7 ಕೆಲ್ವಿನ್ ಇರುವಾಗ, ಅದಕ್ಕಿಂತ ನೂರು ಪಟ್ಟು ತಣ್ಣಗಿನ ಸ್ಥಳವನ್ನು ಮನುಷ್ಯನು ಒಂದು ಕೊಠಡಿಯೊಳಗೆ ನಿರ್ಮಿಸಿಕೊಂಡಿದ್ದಾನೆ.

ಬೆಂಗಳೂರಿನ ನಂಟು

2012ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ತಂಡವು ಇಂತಹ ತಂತಿಯಲ್ಲಿ ಮಯೊರಾನಾ ಸ್ಥಿತಿಯ ಸುಳಿವು ಕಂಡಿತೆಂದು ಪ್ರಕಟಿಸಿದಾಗ ಜಗತ್ತೇ ಅತ್ತ ತಿರುಗಿತು. ಅದೇ ವರ್ಷದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡವೊಂದು ನೇಚರ್ ಫಿಸಿಕ್ಸ್ ಪತ್ರಿಕೆಯಲ್ಲಿ ತನ್ನ ಪ್ರಯೋಗವನ್ನು ಪ್ರಕಟಿಸಿತು. ಅಲ್ಯೂಮಿನಿಯಂ ಕೂಡಿಸಿದ ಇಂಡಿಯಂ ಆರ್ಸೆನೈಡ್ ತಂತಿಯನ್ನು ಚಿನ್ನದ ಪುಟ್ಟ ಕಂಬಗಳ ಮೇಲೆ ನಿಲ್ಲಿಸಿ ಅವರು ಅಳೆದಿದ್ದರು. ಆ ಲೇಖನದ ಮೊದಲ ಹೆಸರು ಡಾ. ಅನಿಂದ್ಯ ದಾಸ್ ಅವರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಸೂದ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, ವೈಜ್‌ಮನ್ ಸಂಸ್ಥೆಗೆ ತೆರಳಿದ್ದ ಅವರು ಆ ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗಕ್ಕೆ ಅಧ್ಯಾಪಕರಾಗಿ ಮರಳಿದರು. 2018ರಲ್ಲಿ ಅವರ ತಂಡವು ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನನ್ನು ನಿಯೋಬಿಯಂ ಡೈಸೆಲೆನೈಡ್ ಎಂಬ ಅತಿವಾಹಕಕ್ಕೆ ಕೂಡಿಸಿ, ಆ ಗಡಿಯಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುವ ಬಗೆಯನ್ನು ಅಧ್ಯಯನ ಮಾಡಿ ಪ್ರಕಟಿಸಿತು. ವಸ್ತು ಬೇರೆಯಾದರೂ ವಿದ್ಯೆ ಅದೇ: ಎರಡು ಭಿನ್ನ ಸ್ವಭಾವಗಳ ನಡುವಣ ಸಂಧಿಯನ್ನು ಶುದ್ಧವಾಗಿ ಕಟ್ಟುವುದು.

ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಅರಮನೆಯ ಭೂದಾನದಿಂದಲೂ ಜನ್ಮ ತಾಳಿತು. ಅಲ್ಲಿನ ನ್ಯಾನೋ ವಿಜ್ಞಾನ ಮತ್ತು ತಂತ್ರಜ್ಞಾನ ಕೇಂದ್ರದಲ್ಲಿ ನಾವು ಮೇಲೆ ಹೇಳಿದಂತಹ ನಿರ್ಮಲ ಕೊಠಡಿಗಳು ಇವೆ. ದ್ರವ ಹೀಲಿಯಂ ಒದಗಿಸುವ ಶೈತ್ಯ ತಂತ್ರಜ್ಞಾನ ಕೇಂದ್ರವೂ ಇದೆ. ದೇಶದ ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳು ಇಲ್ಲಿಗೆ ಬಂದು ತರಬೇತಿ ಪಡೆದು ತಮ್ಮ ಸಾಧನಗಳನ್ನು ನಿರ್ಮಿಸಿಕೊಳ್ಳುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರದ ನೆರವಿನಿಂದ ಮಾಡಲಾಯಿತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆ ನೀಡಿದ ಮೇಲೆ, ಕ್ವಾಂಟಂ ಗಣನೆಯ ಮುಖ್ಯ ಕೇಂದ್ರವು ಇದೇ ಸಂಸ್ಥೆಗೆ ಬಂದಿತು. 2025ರಲ್ಲಿ ಬೆಂಗಳೂರಿನ ಕ್ಯೂಪಿಎಐ ಸಂಸ್ಥೆಯು 25 ಅತಿವಾಹಕ ಕ್ಯೂಬಿಟ್‌ಗಳ ಗಣಕವನ್ನು ಪ್ರಕಟಿಸಿತು. ರಾಜ್ಯ ಸರ್ಕಾರವೂ ಅದೇ ವರ್ಷ 1,000 ಕೋಟಿ ರೂಪಾಯಿಗಳ ಕ್ವಾಂಟಂ ಯೋಜನೆಯನ್ನು ಘೋಷಿಸಿತು.

ಸತ್ಯದ ಪರೀಕ್ಷೆ

ಇಷ್ಟು ಹಣ, ಇಷ್ಟು ಆಸೆ ಕೂಡಿದಲ್ಲಿ ಪರೀಕ್ಷೆಯೂ ಬರುತ್ತದೆ. ಈ ತಂತಿಯ ಇತಿಹಾಸದಲ್ಲಿ ಅದು ಬಂದ ಬಗೆಯನ್ನು ಓದುಗರು ತಿಳಿಯಲೇಬೇಕು.

ಮಯೊರಾನಾ ಸ್ಥಿತಿಯನ್ನು ಕಣ್ಣಿನಿಂದ ನೋಡಲಾಗದು. ತಂತಿಯ ತುದಿಗೆ ವೋಲ್ಟೇಜು ಕೊಟ್ಟು, ಎಷ್ಟು ವಿದ್ಯುತ್ತು ಒಳಹೊಕ್ಕಿತೆಂದು ಅಳೆದಾಗ, ಸೊನ್ನೆ ವೋಲ್ಟಿನಲ್ಲಿ ನಕ್ಷೆಯ ಗೆರೆ ಶಿಖರದಂತೆ ಮೇಲೆದ್ದರೆ ಅದು ಒಂದು ಗುರುತು. ಶಿಖರದ ಎತ್ತರವು ಸುಮಾರು 12,906 ಓಂ ತಡೆಗೆ ಸರಿಹೊಂದುವ ಒಂದು ನಿಶ್ಚಿತ ಮೌಲ್ಯದಲ್ಲಿ ಸ್ಥಿರವಾಗಿ ನಿಂತರೆ ಗುರುತು ಇನ್ನೂ ಬಲವಾಗುತ್ತದೆ. ಆದರೆ ತಂತಿಯಲ್ಲಿ ಕಲ್ಮಷವಿದ್ದರೂ ಅಂತಹುದೇ ಶಿಖರ ಏಳಬಲ್ಲದು. 2012ರ ವೈಜ್‌ಮನ್ ತಂಡವು ಇದನ್ನು ಅರಿತಿತ್ತು. ತಮ್ಮ ಫಲಿತಾಂಶವು ಮಯೊರಾನಾ ಸ್ಥಿತಿಯನ್ನು ಬೆಂಬಲಿಸುತ್ತದೆಯಾದರೂ ಅದಕ್ಕೆ ಖಚಿತ ಪುರಾವೆಯಲ್ಲವೆಂದು ಅವರು ಲೇಖನದ ಸಾರಾಂಶದಲ್ಲಿಯೇ ಬರೆದರು. ಸಂಭ್ರಮದ ಕಾಲದಲ್ಲಿ ಹೀಗೆ ಬರೆಯುವುದಕ್ಕೆ ಸಂಯಮ ಬೇಕು.

2018ರಲ್ಲಿ ಡೆಲ್ಫ್ಟ್ ತಂಡವು ಆ ನಿಶ್ಚಿತ ಎತ್ತರವೇ ದೊರೆಯಿತೆಂದು ನೇಚರ್ ಪತ್ರಿಕೆಯಲ್ಲಿ ಸಾರಿತು. ಸೆರ್ಗೆಯ್ ಫ್ರೋಲೋವ್ ಮತ್ತು ವಿನ್ಸೆಂಟ್ ಮೌರಿಕ್ ಎಂಬ ಇಬ್ಬರಿಗೆ ಸಂಶಯ ಬಂದಿತು. ಇವರು ಹೊರಗಿನವರಲ್ಲ, ಡೆಲ್ಫ್ಟಿನ 2012ರ ಪ್ರಸಿದ್ಧ ಲೇಖನವನ್ನು ಬರೆದವರಲ್ಲಿ ಇಬ್ಬರೂ ಇದ್ದರು, ಮೌರಿಕ್ ಅವರದೇ ಅದರ ಮೊದಲ ಹೆಸರು. ಪ್ರಯೋಗದ ಮೂಲ ಅಂಕಿಗಳನ್ನು ಕೇಳಿ ಪಡೆದು ಹೋಲಿಸಿದಾಗ, ವಾದಕ್ಕೆ ಒಗ್ಗದ ಅಳತೆಗಳು ಲೇಖನದಿಂದ ಹೊರಗುಳಿದಿದ್ದವೆಂದು ಅವರು ತೋರಿಸಿದರು. 2021ರ ಮಾರ್ಚ್‌ನಲ್ಲಿ ಆ ಲೇಖನವನ್ನು ಅದರ ಲೇಖಕರೇ ಹಿಂತೆಗೆದುಕೊಂಡರು. ಬೇಕೆಂದೇ ಮಾಡಿದ ವಂಚನೆಗೆ ಪುರಾವೆಯಿಲ್ಲ, ಉತ್ಸಾಹದ ಭರದಲ್ಲಿ ತಮಗೆ ಬೇಕಾದುದನ್ನೇ ಕಂಡಿರಬೇಕು ಎಂಬುದು ವಿಚಾರಣೆ ನಡೆಸಿದ ತಜ್ಞರ ಅಭಿಪ್ರಾಯವಾಗಿತ್ತು. 2017ರ ಇನ್ನೊಂದು ಲೇಖನವೂ 2022ರಲ್ಲಿ ಹಿಂದಕ್ಕೆ ಬಂದಿತು. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ಇಂಡಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂಗಳಿಂದ ಮಾಡಿದ ಮಯೊರಾನಾ 1 ಎಂಬ ಚಿಪ್ಪನ್ನು ಜಗತ್ತಿನ ಮುಂದಿಟ್ಟಾಗ, ಅದರೊಡನೆ ಪ್ರಕಟವಾದ ಲೇಖನದ ಫಲಿತಾಂಶಗಳು ಮಯೊರಾನಾ ಸ್ಥಿತಿಗೆ ಪುರಾವೆಯಾಗುವುದಿಲ್ಲವೆಂದು ನೇಚರ್ ಪತ್ರಿಕೆಯ ಸಂಪಾದಕರು ಟಿಪ್ಪಣಿ ಸೇರಿಸಿದರು.

ಹಾಗಾದರೆ ಇಷ್ಟು ವರ್ಷಗಳ ಶ್ರಮ ವ್ಯರ್ಥವಾಯಿತೆ? ಖಂಡಿತ ಇಲ್ಲ. ಮಯೊರಾನಾ ಸ್ಥಿತಿಯನ್ನು ಅವಲಂಬಿಸದ ಉಪಯೋಗಗಳೂ ಈ ತಂತಿಗೆ ದೊರೆತಿವೆ. 2015ರಲ್ಲಿಯೇ ಕೋಪನ್‌ಹೇಗನ್ ಮತ್ತು ಡೆಲ್ಫ್ಟ್ ತಂಡಗಳು ಇದನ್ನು ವೋಲ್ಟೇಜಿನಿಂದ ಹತೋಟಿಯಲ್ಲಿಡಬಲ್ಲ ಅತಿವಾಹಕ ಕ್ಯೂಬಿಟ್‌ ಆಗಿ ಬಳಸಿ ತೋರಿಸಿದವು. ಶುದ್ಧ ಸಂಧಿಯನ್ನು ಕಟ್ಟುವ ವಿದ್ಯೆ ಈ ಪ್ರಯತ್ನಗಳಿಂದಲೇ ಹದಗೊಂಡಿತು. ತಪ್ಪನ್ನು ಹೊರಗಿನ ಶತ್ರುಗಳು ಹಿಡಿಯಲಿಲ್ಲ. ಅದೇ ಕೆಲಸ ಮಾಡಿದ ಕೈಗಳು ಹಿಡಿದವು. ವಿಜ್ಞಾನದ ಮೇಲೆ ನಮ್ಮ ನಂಬಿಕೆ ನಿಲ್ಲಬೇಕಾದುದು ಈ ಗುಣದ ಮೇಲೆಯೇ.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು

ಈ ವಿಷಯದಲ್ಲಿ ನಮ್ಮ ಕುಟುಂಬಗಳಿಗೆ ಎರಡು ಮಾತುಗಳನ್ನು ಹೇಳಬೇಕೆನಿಸುತ್ತದೆ. ಮೊದಲನೆಯದು ಎಚ್ಚರಿಕೆಯ ಮಾತು. ಕ್ವಾಂಟಂ ಎಂಬ ಶಬ್ದವನ್ನು ಅಂಟಿಸಿಕೊಂಡ ಪದಕಗಳು, ಅಂಗೈ ಹಿಡಿದರೆ ರೋಗವನ್ನೆಲ್ಲ ಹೇಳುವುದೆನ್ನುವ ಯಂತ್ರಗಳು ಪೇಟೆಯಲ್ಲಿ ಮಾರಾಟಕ್ಕಿವೆ. ನಿಜವಾದ ಕ್ವಾಂಟಂ ಸಾಧನವು ಎಷ್ಟು ಶೈತ್ಯದಲ್ಲಿ, ಎಷ್ಟು ನಿರ್ಮಲ ವಾತಾವರಣದಲ್ಲಿ ಕೆಲಸ ಮಾಡುತ್ತದೆಂಬುದನ್ನು ಮೇಲೆ ಓದಿದವರು ಇಂತಹ ಮಾತಿಗೆ ಮರುಳಾಗಲಾರರು. ದಶಕಗಳ ಅನುಭವವುಳ್ಳ ತಂಡಗಳೇ ಪುರಾವೆಗಾಗಿ ಪರದಾಡುತ್ತಿರುವಾಗ, ಕೊರಳಿಗೆ ತೂಗುವ ಪದಕದಲ್ಲಿ ಆ ಶಕ್ತಿ ಎಲ್ಲಿಂದ ಬಂದೀತು?

ಎರಡನೆಯದು ಮಕ್ಕಳ ವಿದ್ಯೆಯ ಮಾತು. ಗಣಕವೆಂದರೆ ಸಾಫ್ಟ್‌ವೇರ್ ಒಂದೇ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಕ್ವಾಂಟಂ ಗಣಕಕ್ಕೆ ಭೌತವಿಜ್ಞಾನ ಬಲ್ಲವರು, ರಸಾಯನ ಬಲ್ಲವರು, ನಿರ್ವಾತ ಯಂತ್ರವನ್ನೂ ಶೈತ್ಯಯಂತ್ರವನ್ನೂ ನಡೆಸಬಲ್ಲವರು, ಎಲ್ಲಕ್ಕಿಂತ ಮಿಗಿಲಾಗಿ ನಡುಗದ ಕೈ, ಕೆಡದ ತಾಳ್ಮೆ ಉಳ್ಳವರು ಬೇಕು. ಹಳ್ಳಿಯ ಶಾಲೆಯಲ್ಲಿ ಓದಿ, ಬಿ.ಎಸ್ಸಿ.ಯಲ್ಲಿ ಭೌತವಿಜ್ಞಾನ ಆರಿಸಿಕೊಂಡ ಮಗಳಿಗೆ ‘ಇದರಿಂದ ಏನು ಬಂದೀತು’ ಎಂದು ಕೇಳುವ ಕಾಲ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ನಾಲ್ಕು ವರ್ಷಗಳ ವಿಜ್ಞಾನ ಪದವಿ ಆರಂಭವಾಯಿತು. 2021ರಲ್ಲಿ ಕ್ವಾಂಟಂ ತಂತ್ರಜ್ಞಾನದಲ್ಲಿಯೇ ಎಂ.ಟೆಕ್. ಪದವಿಯನ್ನು ತೆರೆಯಲಾಯಿತು. ಬಿ.ಎಸ್ಸಿ. ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಸಂಶೋಧನೆಯ ದಾರಿ ಹಿಡಿಯುವ ಅವಕಾಶವೂ ಅಲ್ಲಿದೆ. ಆ ಸಂಸ್ಥೆಯು ವರ್ಷಕ್ಕೊಂದು ದಿನ ತನ್ನ ಪ್ರಯೋಗಶಾಲೆಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುವುದುಂಟು. ಹಲಸೂರಿನವರು ನೇರಳೆ ಮಾರ್ಗದ ರೈಲು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಇಳಿದರೆ ಸಂಸ್ಥೆಯು ಅಲ್ಲಿಂದ ದೂರವಿಲ್ಲ. ತಂದೆತಾಯಿಗಳು ಆ ಒಂದು ದಿನವನ್ನು ಮಕ್ಕಳಿಗಾಗಿ ಮೀಸಲಿಡಬೇಕೆಂದು ನಮ್ಮ ಬಿನ್ನಹ.

ಈ ತಂತಿಯಲ್ಲಿ ಮಯೊರಾನಾ ಸ್ಥಿತಿ ಇದೆಯೇ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವನ್ನು ಮುಂದೊಂದು ದಿನ ಯಾವುದೋ ಪ್ರಯೋಗಶಾಲೆಯಲ್ಲಿ, ಯಾರೋ ಒಬ್ಬ ತರುಣ ಅಥವಾ ತರುಣಿ ನೀಡಬಹುದು. ಅವರಿಗೆ ಬೇಕಾದವು ಎರಡೇ. ಎರಡು ವಸ್ತುಗಳ ಸಂಧಿಯಲ್ಲಿ ಕಿಲುಬು ಉಳಿಯದಂತೆ ನೋಡಿಕೊಳ್ಳುವ ಕೈ ಒಂದು. ಕಂಡುದಕ್ಕೂ ಹೇಳುವುದಕ್ಕೂ ನಡುವೆ ಕಿಲುಬು ಸೇರದಂತೆ ಕಾಯುವ ಮನಸ್ಸು ಇನ್ನೊಂದು. ಕೈಯ ವಿದ್ಯೆಯನ್ನು ಸಂಸ್ಥೆಗಳು ಕಲಿಸಬಲ್ಲವು. ಮನಸ್ಸಿನ ಈ ಶಿಸ್ತು ಮೊದಲು ಮೂಡಬೇಕಾದುದು ನಮ್ಮ ನಮ್ಮ ಮನೆಗಳಲ್ಲಿ.